ಗೋಡೆಯಾಚೆಯಿಂದ ಬರುವ ಚೆಂಡು

ಶನಿವಾರ. ಇನ್ನೂ ಹೊತ್ತು ಮೂಡಿಲ್ಲ. ದಾವಣಗೆರೆಯ ಅಂಚಿನಲ್ಲಿರುವ ಹಳೆಯ ರುದ್ರಭೂಮಿಯ ಮೇಲೆ ಮಂಜು ದಟ್ಟವಾಗಿ ಕೂತಿದೆ. ಗದ್ದುಗೆಗಳ ತಲೆಯಷ್ಟೇ ಕಾಣುತ್ತಿವೆ, ಕುತ್ತಿಗೆಮಟ್ಟ ನೀರಿನಲ್ಲಿ ನಿಂತವರ ಹಾಗೆ. ಎಲ್ಲೋ ನೆಲದೊಳಗಿಂದ ಗುದ್ದಲಿಯ ಸದ್ದು ಬರುತ್ತಿದೆ. ಸದ್ದು ಹಿಡಿದು ಹೋಗಿ ಬಗ್ಗಿ ನೋಡಿದರೆ ಎದೆಮಟ್ಟದ ಕುಣಿಯಲ್ಲಿ ತಲೆಗೆ ಟವೆಲ್ ಸುತ್ತಿಕೊಂಡು ಉಚ್ಚೆಂಗಪ್ಪ ನಿಂತಿದ್ದಾರೆ. ಸತ್ತವರ ಮನೆಯವರೊಬ್ಬರು ಕುಣಿ ನೋಡಲು ಬಂದು ಮೇಲೆ ನಿಂತಿದ್ದಾರೆಂದು ಗೊತ್ತಾದರೂ ಕೈ ನಿಲ್ಲಿಸುವುದಿಲ್ಲ.

"ಒಂದ್ ಚೂರು ತಡ್ಕಳ್ರಿ. ಗೂಡು ಕೊರಿಯಾಕತ್ತೀನಿ. ಈಗ ಕೈ ಬಿಟ್ರೆ ಮಣ್ಣು ಜಾರ್ತೈತೆ."

ಇಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಕುಣಿಯ ಒಂದು ಗೋಡೆಯಲ್ಲಿ ಒಬ್ಬರು ಚಕ್ಕಳಮಕ್ಕಳ ಹಾಕಿ ಕೂರುವಷ್ಟು ಗೂಡು ಕೊರೆಯಬೇಕು. ವಿಭೂತಿ, ಬಿಲ್ವಪತ್ರೆ, ಉಪ್ಪು ಎಲ್ಲ ಸುತ್ತ ತುಂಬಿದ ಮೇಲೂ ಕೂತವರು ಆ ಕಡೆ ಈ ಕಡೆ ವಾಲಬಾರದು. ಗೂಡು ದೊಡ್ಡದಾದರೂ ಕಷ್ಟ, ಚಿಕ್ಕದಾದರೂ ಕಷ್ಟ. ಹಾಗಾಗಿ ಉಚ್ಚೆಂಗಪ್ಪ ಮೊದಲು ತಾವೇ ಒಳಗೆ ಕೂತು, ಬೆನ್ನು ಆನಿಸಿ, ಕಣ್ಣು ಮುಚ್ಚಿ ನೋಡುತ್ತಾರೆ. ಈ ಊರಿನ ಎಷ್ಟೋ ಮಂದಿ ಹಿರಿಯರು ಕೊನೆಗೆ ಕೂತ ಜಾಗದಲ್ಲಿ ಅವರಿಗಿಂತ ಮೊದಲು ಕೂತು ಎದ್ದವರು ಇವರು.

ಇವತ್ತಿನ ಕುಣಿ ನಿಜಲಿಂಗಪ್ಪ ಬಡಾವಣೆಯ ವೃದ್ಧರೊಬ್ಬರದು. ಮಧ್ಯಾಹ್ನಕ್ಕೆ ಬರುತ್ತಾರೆ. ಉಚ್ಚೆಂಗಪ್ಪ ಗೂಡಿನಲ್ಲಿ ಕೂತು ಕಣ್ಣು ಮುಚ್ಚಿದ್ದಾಗ ಉತ್ತರದ ಕಾಂಪೌಂಡಿನ ಆಚೆಯಿಂದ ಸದ್ದೊಂದು ಬರುತ್ತದೆ. ಟಣ್. ಲೋಹದ ಬ್ಯಾಟಿಗೆ ಚೆಂಡು ಬಡಿದ ಸದ್ದು. ಗದ್ದುಗೆಯಿಂದ ಗದ್ದುಗೆಗೆ ತಾಕಿ ಅದು ಮಂಜಿನಲ್ಲಿ ಕರಗುತ್ತದೆ. ಉಚ್ಚೆಂಗಪ್ಪ ಕಣ್ಣು ತೆರೆಯದೇ ನಗುತ್ತಾರೆ. "ಹುಡ್ಗೇರು ಬಂದ್ರು."

ಗೋಡೆಯಾಚೆ ಇರುವುದು ಹೆಣ್ಣುಮಕ್ಕಳ ಕಾಲೇಜಿನ ಆಟದ ಮೈದಾನ. ಎರಡು ದಿನ ಅಲ್ಲಿ ಕಾಲೇಜುಗಳ ನಡುವಿನ ಸಾಫ್ಟ್‌ಬಾಲ್ ಪಂದ್ಯಾವಳಿ. ಬ್ಯಾಟು ಹಿಡಿದವಳು ನಿಲ್ಲುವ ಜಾಗ ಈ ಗೋಡೆಯ ಪಕ್ಕದಲ್ಲೇ ಇದೆ. ಅವಳ ಹಿಂದೆ, ಗೋಡೆಗೆ ಬೆನ್ನು ಹಾಕಿ ಕ್ಯಾಚರ್ ಹುಡುಗಿ ಕುಕ್ಕರುಗಾಲಲ್ಲಿ ಕೂರುತ್ತಾಳೆ. ಎದುರಿಗೆ, ಮೈದಾನದ ಒಳಗೆ ನಿಂತ ಪಿಚರ್ ತೋಳನ್ನು ಚಕ್ರದಂತೆ ಒಂದು ಸುತ್ತು ತಿರುಗಿಸಿ ಸೊಂಟದ ಕೆಳಗಿನಿಂದ ಚೆಂಡು ಬಿಡುತ್ತಾಳೆ. ಬ್ಯಾಟಿನ ಅಂಚಿಗೆ ತಾಗಿದ ಚೆಂಡು ಆಗಾಗ ಹಿಂದಕ್ಕೆ ಚಿಮ್ಮಿ, ಹರಿದ ಬಲೆಯನ್ನೂ ಗೋಡೆಯನ್ನೂ ದಾಟಿ ಸಮಾಧಿಗಳ ನಡುವೆ ಬೀಳುತ್ತದೆ. ಆಗ ಗೋಡೆಯ ಹತ್ತಿರ ಕೂಗು ಏಳುತ್ತದೆ: "ಅಜ್ಜಾ, ಬಾಲ್!"

ಎಲ್ಲಿದ್ದರೂ ಉಚ್ಚೆಂಗಪ್ಪ ಹೋಗಿ ಹುಡುಕಿ ಎಸೆಯುತ್ತಾರೆ. ಯಾರೂ ಹೇಳಿದ ಕೆಲಸವಲ್ಲ. ಆ ಕಡೆಯಿಂದ ಒಬ್ಬ ಹುಡುಗಿಯೂ ಗೋಡೆ ಹತ್ತಿ ಈ ಕಡೆ ಇಣುಕಿದ್ದಿಲ್ಲ. ಇವರೂ ಕಾಲೇಜಿನ ಗೇಟು ದಾಟಿದವರಲ್ಲ. "ನನ್ನ ಮುಖ ಅವ್ರು ನೋಡಿಲ್ಲ, ಅವ್ರ ಮುಖ ನಾ ಸರಿಯಾಗಿ ನೋಡಿಲ್ಲ. ದನಿ ಮಾತ್ರ ಪರಿಚಯ ಐತೆ."

ಉಚ್ಚೆಂಗಪ್ಪ ಆನಗೋಡಿನ ಕಡೆಯವರು. ಹುಡುಗರಾಗಿದ್ದಾಗ ಬಾವಿ ತೋಡುವ ಗುಂಪಿನ ಜೊತೆ ಊರೂರು ತಿರುಗಿದವರು. ಬೋರ್‌ವೆಲ್ ಬಂದ ಮೇಲೆ ಬಾವಿ ಕೇಳುವವರಿಲ್ಲದಾಯಿತು. ಮಾವನ ಜೊತೆ ಈ ರುದ್ರಭೂಮಿಗೆ ಬಂದರು, ಮಾವ ಹೋದ ಮೇಲೆ ಅವರ ಗುದ್ದಲಿಯನ್ನು ಇವರೇ ಹಿಡಿದರು. ಕಷ್ಟ ಕೇಳಿದರೆ ಮೊದಲು ಹೇಳುವುದು ಮಣ್ಣಿನದು. ಎರೆಮಣ್ಣು ಬೇಸಿಗೆಯಲ್ಲಿ ಕಲ್ಲಾಗುತ್ತದೆ, ಮಳೆಗಾಲದಲ್ಲಿ ಬಾಯಿ ತೆರೆಯುತ್ತದೆ. ಒಮ್ಮೆ ಕುಣಿಯ ಗೋಡೆ ಕುಸಿದು ಸೊಂಟದವರೆಗೆ ಹೂತು, ಶವ ಹೊತ್ತು ಬಂದವರೇ ಇವರನ್ನು ಎಳೆದು ತೆಗೆದರು. ಕೊರೊನಾ ವರ್ಷ ಕೈಯ ಚರ್ಮ ಸುಲಿದು ಗುದ್ದಲಿಯ ಹಿಡಿಗೆ ಅಂಟಿಕೊಳ್ಳುತ್ತಿತ್ತು. ಮನುಷ್ಯರ ಮಾತಿಗೆ ಬರುವುದು ಆಮೇಲೆ. ಹೋಟೆಲಿನಲ್ಲಿ ಗುರುತಿನವರು ಕಂಡರೆ ಬೇರೆ ಮೇಜಿಗೆ ಹೋಗುತ್ತಾರೆ. ಮದುವೆ ಮನೆಗೆ ಕರೆಯುವವರಿಲ್ಲ.

"ತಪ್ಪಲ್ಲ ಬಿಡ್ರಿ. ನನ್ನ ನೋಡಿದ್ರೆ ಅವ್ರ ಮನಿಯೋರು ನೆನಪಾಗ್ತಾರೆ," ಎನ್ನುತ್ತಾರೆ. ಭಯದ ಮಾತೆತ್ತಿದರೆ ತಲೆಯಾಡಿಸುತ್ತಾರೆ. "ಸತ್ತೋರು ಬಾಳ ಸಭ್ಯಸ್ಥರು. ಇಷ್ಟು ವರ್ಷದಾಗೆ ಒಬ್ರೂ ನನ್ನ ಹೆಸರಿಡಿದು ಕೂಗಿಲ್ಲ."

ಆ ಶನಿವಾರದವರೆಗೆ ಅವರಿಗೆ ಆ ಧೈರ್ಯವಿತ್ತು.

ಮೊದಲ ಪಂದ್ಯ ಶುರುವಾದಾಗ ಮಂಜು ಇನ್ನೂ ಪೂರ್ತಿ ಎದ್ದಿಲ್ಲ. ಉಚ್ಚೆಂಗಪ್ಪ ಪೂರ್ವದ ಅಂಚಿನಲ್ಲಿ, ಕುಣಿಯ ತಳದಲ್ಲಿ ಬಿದ್ದ ಮಣ್ಣು ಬಾಚುತ್ತಿದ್ದಾರೆ. ಟಣ್ ಎಂದ ಸದ್ದು, ಹಿಂದೆಯೇ ದೂರದಲ್ಲಿ ಧಪ್ ಎಂದು ಬಿದ್ದ ಸದ್ದು. ಬಿದ್ದದ್ದು ವಾಯವ್ಯದ ಮೂಲೆಯಲ್ಲಿ. ಅದು ಹಳೆಯ ಮನೆತನಗಳ ಮೂಲೆ. ಅಜ್ಜ, ಮುತ್ತಜ್ಜರ ಕಲ್ಲಿನ ಗದ್ದುಗೆಗಳು, ಸಣ್ಣ ಮಂಟಪಗಳು, ನಡುವೆ ಆಳೆತ್ತರದ ಬಳ್ಳಾರಿ ಜಾಲಿ. ಹಗಲಲ್ಲೂ ಅಲ್ಲಿ ಯಾರೂ ಸುಳಿಯುವುದಿಲ್ಲ.

"ಅಜ್ಜಾ, ಬಾಲ್!"

ಉಚ್ಚೆಂಗಪ್ಪ ಕುಣಿಯ ಅಂಚಿಗೆ ಮೊಣಕೈ ಊರಿ ಮೇಲೇರುತ್ತಾರೆ. ಇನ್ನೂ ಒಂದು ಕಾಲು ಕುಣಿಯೊಳಗೇ ಇದೆ. ಅಷ್ಟರಲ್ಲಿ ಆ ಮೂಲೆಯಿಂದ ಹಳದಿ ಚೆಂಡು ಎದ್ದು, ಗೋಡೆಯನ್ನು ಸವರುವಂತೆ ದಾಟಿ ಮೈದಾನಕ್ಕೆ ಹೋಗುತ್ತದೆ.

"ಥ್ಯಾಂಕ್ಸ್ ಅಜ್ಜಾ!"

ಉಚ್ಚೆಂಗಪ್ಪ ಹಾಗೇ ನಿಂತುಬಿಡುತ್ತಾರೆ. ರುದ್ರಭೂಮಿಯಲ್ಲಿ ಇವರನ್ನು ಬಿಟ್ಟು ಒಬ್ಬ ನರಪಿಳ್ಳೆಯೂ ಇಲ್ಲ. ಗೇಟು ತೆಗೆದವರು ಇವರೇ, ಕುಣಿ ನೋಡಲು ಬಂದವರು ಆಗಲೇ ಹೋಗಿದ್ದಾರೆ. "ಮೈಮ್ಯಾಲಿನ ಕೂದ್ಲೆಲ್ಲ ಎದ್ದು ನಿಂತ್ವು."

ಗುದ್ದಲಿ ಹಿಡಿದೇ ಆ ಮೂಲೆಗೆ ಹೋಗುತ್ತಾರೆ. ಯಾರೂ ಇಲ್ಲ. ಜಾಲಿಯ ಒಂದು ರೆಂಬೆ ಮಾತ್ರ ಗಾಳಿಯಿಲ್ಲದೆ ಅಲ್ಲಾಡುತ್ತಿದೆ. ಕಲ್ಲು ಗದ್ದುಗೆಗಳ ನಡುವೆ ಒಂದೇ ಒಂದು ಹೊಸ ಸಮಾಧಿಯಿದೆ, ಇನ್ನೂ ಕಲ್ಲು ಕಟ್ಟದ ಮಣ್ಣಿನ ದಿಬ್ಬ. ದೀಪಾವಳಿ ಕಳೆದ ಮೇಲೆ ಎದೆನೋವಿನಿಂದ ತೀರಿಕೊಂಡ ಕಸ್ತೂರಮ್ಮನವರದು. ನಿಜಲಿಂಗಪ್ಪ ಬಡಾವಣೆಯ ಅಕ್ಕಿ ವ್ಯಾಪಾರಿ ಕರಿಬಸವರಾಜರ ಹೆಂಡತಿ. ಆ ಕುಣಿ ತೋಡಿದವರೂ ಉಚ್ಚೆಂಗಪ್ಪನೇ. ದಿಬ್ಬದ ಎದುರಿನ ಸಡಿಲ ಮಣ್ಣಿನಲ್ಲಿ ಒಂದು ಬರಿಗಾಲಿನ ಹೆಜ್ಜೆ ಮೂಡಿದೆ. ಅದರ ಹಿಂದೆ ಉದ್ದನೆಯ ಗೀರು. ಒಂದು ಕಾಲು ಊರಿ ಇನ್ನೊಂದನ್ನು ಎಳೆದುಕೊಂಡು ಹೋದ ಹಾಗೆ.

ಅಂಥ ಗೀರು ಅಲ್ಲಿ ಒಂದಲ್ಲ, ಹಲವಾರಿವೆ. ಒಂದರ ಮೇಲೊಂದು ಬಿದ್ದಿವೆ. ಎಷ್ಟೋ ದಿನದಿಂದ ಯಾರೋ ಆ ದಿಬ್ಬದ ಮುಂದೆ ಕಾಲೆಳೆಯುತ್ತ ಓಡಾಡಿದ ಗುರುತು.

ಮಧ್ಯಾಹ್ನ ಬಡಾವಣೆಯ ವೃದ್ಧರು ಬಂದು ಕೂತರು. ಮಣ್ಣು ಮುಚ್ಚಿ, ನೀರು ಚಿಮುಕಿಸಿ, ಜನ ಹೋದರು. ಗೋಡೆಯಾಚೆ ಎರಡನೆಯ ಪಂದ್ಯ. ಕಾಲೇಜಿನ ತಂಡ ಬೆಳಿಗ್ಗೆಯದನ್ನು ಹೇಗೋ ಗೆದ್ದಿದೆ, ಇದೂ ಎಳೆದಾಡಿಕೊಂಡು ಸಾಗಿದೆ. ಅವರ ನಿಜವಾದ ಪಿಚರ್ ಎರಡು ತಿಂಗಳಿಂದ ಬಂದಿಲ್ಲ. ಸಾರಥಿ ಗ್ರಾಮದಿಂದ ಬಸ್ಸಿನಲ್ಲಿ ಓಡಾಡುವ ಹುಡುಗಿಯೊಬ್ಬಳನ್ನು ಅವಸರದಲ್ಲಿ ಆ ಜಾಗಕ್ಕೆ ನಿಲ್ಲಿಸಿದ್ದಾರೆ. ಪಾಪ, ಅವಳ ಭುಜ ಮಧ್ಯಾಹ್ನಕ್ಕೇ ಬಿದ್ದುಹೋಗಿದೆ.

ಅಂಪೈರ್ ಹರಿಹರದ ಮುನಾಫ್. ಹರಿಹರದ ಕಾಲೇಜಿನ ಹುಡುಗಿಯರು ಮಸಣಕ್ಕೆ ಬಿದ್ದು ಬಂದ ಚೆಂಡನ್ನು ಮುಟ್ಟುವುದಿಲ್ಲವೆಂದು ಹಟ ಹಿಡಿದಾಗ ಅವರು ಆಡಿದ ಮಾತು ಗೋಡೆಯ ಈ ಕಡೆಗೂ ಕೇಳಿಸಿದೆ: "ಬಾಲ್‌ಗೆ ಸೂತಕ ಇಲ್ಲಮ್ಮಾ. ಆಡ್ರಿ ಸುಮ್ನೆ." ಉಚ್ಚೆಂಗಪ್ಪ ಬೇರೆ ದಿನವಾದರೆ ನಗುತ್ತಿದ್ದರು.

ಚೆಂಡು ಮತ್ತೆ ಆ ಮೂಲೆಗೇ ಬೀಳುತ್ತದೆ. ಈ ಸಲ ಅವರು ಅಡ್ಡಾದಿಡ್ಡಿ ಓಡುತ್ತಾರೆ. ಅರ್ಧ ದಾರಿಯಲ್ಲಿರುವಾಗ ಚೆಂಡು ತಲೆಯ ಮೇಲಿಂದ ಗುಂಯ್ಯೆಂದು ಹಾರುತ್ತದೆ. ಇವರು ಎಸೆದರೆ ಮುದುಕರು ಕಲ್ಲೆಸೆದ ಹಾಗೆ ಕಮಾನಾಗಿ ಹೋಗಿ ಬೀಳುತ್ತದೆ. ಇದು ಹಾಗಲ್ಲ. ನೆಲದ ಹತ್ತಿರದಿಂದ ಹೊರಟು, ಮೇಲೇಳುತ್ತಲೇ ಹೋಗಿದೆ.

ಸ್ವಲ್ಪ ಹೊತ್ತಿಗೆ ಗೋಡೆಯ ಮುರಿದ ಭಾಗದಲ್ಲಿ ಒಂದು ಮುಖ ಕಾಣಿಸುತ್ತದೆ. ಕಾಲೇಜಿನ ಕ್ರೀಡಾ ನಿರ್ದೇಶಕಿ ಮೀನಾಕ್ಷಿ. ಹುಡುಗಿಯರ ಪಾಲಿಗೆ ಪಿ.ಡಿ. ಮೇಡಂ.

"ಯಜಮಾನ್ರೆ, ಈ ಬಾಲ್ ಎಸೆದಿದ್ದು ನೀವೇನ್ರಿ?"

"ಅಲ್ಲ ಮೇಡಮ್ಮೋರೆ."

"ಮತ್ಯಾರು? ನಿಮ್ಮ ಜೊತೆ ಯಾರದಾರೆ?"

"ಯಾರಿಲ್ರಿ. ಬೆಳಿಗ್ಗೇನೂ ನಾನಲ್ಲ."

ಮೀನಾಕ್ಷಿ ಕೈಯಲ್ಲಿದ್ದ ಚೆಂಡನ್ನು ತಿರುಗಿಸಿ ತಿರುಗಿಸಿ ನೋಡುತ್ತಾರೆ. ಆಮೇಲೆ ತಮಗೇ ಹೇಳಿಕೊಂಡಂತೆ ಹೇಳುತ್ತಾರೆ: "ಹಿಂಗೆ ಎಸೆಯೋದು ನಾನು ಕಲಿಸಿದ್ದು. ನನ್ನ ಟೀಮಿನಾಗೆ ಒಬ್ಳಿಗೇ ಬರ್ತಿತ್ತು. ಅವ್ಳು ಈಗ ಫೋನೂ ಎತ್ತಲ್ಲ."

ಆಚೆಯಿಂದ ಯಾರೋ ಕರೆಯುತ್ತಾರೆ, ಮೇಡಂ ಹೋಗುತ್ತಾರೆ. ಉಚ್ಚೆಂಗಪ್ಪ ಅಲ್ಲೇ ಒಂದು ಕಟ್ಟೆಯ ಮೇಲೆ ಕೂರುತ್ತಾರೆ. ಫೋನು ಎತ್ತದ ಹುಡುಗಿ. ತಾವು ಈಚೆಗೆ ಹರೆಯದ ಹುಡುಗಿಗೆಂದು ಕುಣಿ ತೋಡಿದ್ದುಂಟೇ ಎಂದು ಒಂದೊಂದೇ ನೆನಪು ಮಾಡಿಕೊಳ್ಳುತ್ತಾರೆ. ಇಲ್ಲ. ಆದರೂ ಸಮಾಧಾನವಿಲ್ಲ.

ಸಂಜೆ ಮನೆಯಲ್ಲಿ ಹೆಂಡತಿ ತಿಮ್ಮವ್ವ ಗಂಡನ ಮುಖ ನೋಡಿಯೇ ರೊಟ್ಟಿಯ ತಾಟು ಪಕ್ಕಕ್ಕಿಟ್ಟರಂತೆ. "ಯಾಕ, ಏನ್ ಕಂಡ್ಯೋ?" ಎಂದು ಕೇಳಿದರು. ಕೇಳಿಸಿಕೊಂಡ ಮೇಲೆ, "ನಾಳಿ ಒಂದಿನ ಹೋಗ್ಬ್ಯಾಡ. ಹೆಣ ಬಂದ್ರೆ ಬ್ಯಾರೆ ಯಾರನ್ನಾರ ಕರೀತಾರೆ," ಎಂದರು.

ಉಚ್ಚೆಂಗಪ್ಪನಿಗೆ ಆ ಮಾತೇ ಹೆಚ್ಚು ಹೆದರಿಸಿತು. "ಒಂದಿನ ಹೆದರಿ ಮನಿಯಾಗೆ ಕುಂತೆ ಅಂದ್ರೆ ಮಾರನೆ ದಿನ ಕುಣಿಯಾಗ ಇಳಿಯಾಕಾಗಲ್ಲ. ಗೂಡಿನಾಗ ಕುಂತು ಕಣ್ಣು ಮುಚ್ಚಾಕಾಗಲ್ಲ. ಆಮ್ಯಾಲೆ ನಾನು ಯಾತಕ್ಕೆ ಬರ್ತೀನಿ ಹೇಳ್ರಿ?"

ಭಾನುವಾರ ನಸುಕಿಗೇ ಅವರು ಹೊರಟರು. ಗುದ್ದಲಿ ಒಯ್ಯಲಿಲ್ಲ. ಗೇಟನ್ನು ಸದ್ದಾಗದಂತೆ ತಳ್ಳಿ, ಚಪ್ಪಲಿ ಅಲ್ಲೇ ಬಿಟ್ಟು, ಹಳೆಯ ಮೂಲೆಯ ಕಡೆ ನಡೆದರು.

ಮಂಜು ಹಿಂದಿನ ದಿನಕ್ಕಿಂತ ದಟ್ಟ. ಮೊದಲು ಕೇಳಿಸಿದ್ದು ಸದ್ದು. ಎಳೆದ ಕಾಲಿನ ಸರ್ರ್ ಎಂಬ ಸದ್ದು, ನಂತರ ಮಣ್ಣಿಗೆ ಮಣ್ಣು ಬಡಿದ ಮೆತ್ತನೆಯ ಸದ್ದು. ಸ್ವಲ್ಪ ಬಿಡುವು. ಮತ್ತೆ ಸರ್ರ್. ಮಂಟಪದ ಕಂಬ ಹಿಡಿದು ಅವರು ಇಣುಕುತ್ತಾರೆ. ಬೆಳ್ಳನೆಯ ಮಂಜಿನಲ್ಲಿ, ಕಸ್ತೂರಮ್ಮನವರ ದಿಬ್ಬಕ್ಕೆ ಮುಖ ಮಾಡಿ, ಒಂದು ಆಕೃತಿ. ಮುಖವಿಲ್ಲ, ಕಾಲು ಕಾಣುವುದಿಲ್ಲ. ಒಂದು ತೋಳು ಮಾತ್ರ ಚಕ್ರದ ಹಾಗೆ ತಿರುಗುತ್ತಿದೆ. ತಿರುಗುತ್ತದೆ, ನಿಲ್ಲುತ್ತದೆ, ತಿರುಗುತ್ತದೆ.

"ಓಡಿ ಹೋಗ್ಬೇಕು ಅಂತಿತ್ತು ಜೀವ. ಕಾಲು ಕೇಳ್ಬೇಕಲ್ಲ," ಎಂದು ಉಚ್ಚೆಂಗಪ್ಪ ಈಗ ಹೇಳುತ್ತಾರೆ. ಎಷ್ಟು ಹೊತ್ತು ನಿಂತಿದ್ದರೋ ಗೊತ್ತಿಲ್ಲ. ಕೊನೆಗೆ ಆ ಆಕೃತಿ ಮೂಗು ಸೀಟಿತು, ಸ್ವೆಟರಿನ ತೋಳಿನಿಂದ ಒರೆಸಿಕೊಂಡಿತು. ಅಲ್ಲಿಗೆ ಅವರಿಗೆ ಹೋದ ಜೀವ ಬಂತು. ಸತ್ತವರಿಗೆ ನೆಗಡಿಯಾಗುವುದಿಲ್ಲ.

"ಯವ್ವಾ, ಯಾರವ್ವಾ ನೀನು?"

ಹುಡುಗಿ ಬೆಚ್ಚಿ ತಿರುಗಿದಳು. ಕೈಯಲ್ಲಿದ್ದ ಮಣ್ಣ ಹೆಂಟೆ ಜಾರಿ ಬಿತ್ತು. ಹತ್ತೊಂಬತ್ತೋ ಇಪ್ಪತ್ತೋ ವಯಸ್ಸು, ಬರಿಗಾಲು. ಉಚ್ಚೆಂಗಪ್ಪನಿಗೆ ಗುರುತು ಹತ್ತಿತು. ಕಸ್ತೂರಮ್ಮನವರ ಮಗಳು ಆಶಾರಾಣಿ. ಮಣ್ಣು ಮಾಡಿದ ದಿನ ಮೂರು ಹಿಡಿ ಮಣ್ಣು ಹಾಕಬೇಕಾದಾಗ ಕೈ ಬಿಚ್ಚದೆ ನಿಂತವಳು. ಬೆರಳುಗಳನ್ನು ಅಪ್ಪನೇ ಬಿಡಿಸಬೇಕಾಯಿತು.

"ಅಪ್ಪಂಗೆ ಹೇಳ್ಬ್ಯಾಡ್ರಿ ಅಜ್ಜಾ," ಎಂದಳು ಮೊದಲು.

ಗದ್ದುಗೆಯ ಕಟ್ಟೆಯ ಮೇಲೆ ಕೂತು ಅವಳು ಹೇಳಿದ್ದಿಷ್ಟು. ಅಮ್ಮ ಹೋದ ಮೇಲೆ ಕಾಲೇಜಿಗೆಂದು ಡಬ್ಬಿ ಕಟ್ಟಿಕೊಂಡು ಹೊರಡುತ್ತಾಳೆ. ಕಾಲೇಜಿನ ಗೇಟಿನವರೆಗೆ ಬಂದು, ಮುಂದೆ ಹೋಗಲಾಗದೆ ಪಶ್ಚಿಮದ ಬಿರುಕು ಗೋಡೆಯಿಂದ ಒಳಗೆ ನುಸುಳುತ್ತಾಳೆ. ದಿನವಿಡೀ ಇಲ್ಲೇ. ಈ ಎರಡು ದಿನ ಪಂದ್ಯವಿದೆಯೆಂದು ಹೇಳಿ ನಸುಕಿಗೇ ಬಂದಿದ್ದಾಳೆ. ಉಚ್ಚೆಂಗಪ್ಪನ ಹೆಜ್ಜೆ ಕೇಳಿದರೆ ತನ್ನ ಅಜ್ಜನ ಸಮಾಧಿಯ ಮಂಟಪದ ಹಿಂದೆ ಅಡಗುತ್ತಾಳೆ. ನಿನ್ನೆ ಚೆಂಡು ಉರುಳಿ ಬಂದು ಪಾದಕ್ಕೇ ತಾಗಿತು. "ನಾನು ಎಸೀಬಾರ್ದು ಅಂತಾನೇ ಇದ್ದೆ ಅಜ್ಜಾ. ಕೈ ಸುಮ್ನಿರ್ಲಿಲ್ಲ." ಕಾಲೆಳೆದ ಗೀರೂ ಅವಳದೇ. ಪಿಚರ್ ಚೆಂಡು ಬಿಡುವಾಗ ಹಿಂದಿನ ಕಾಲು ನೆಲ ಗೀರಿಕೊಂಡೇ ಬರುತ್ತದೆ.

"ಮನಿಯಾಗೆ ನಂಗೆ ಕ್ಯಾಚರ್ ಯಾರ್ ಗೊತ್ತೇನು? ನಮ್ಮಮ್ಮ. ದಿನಾ ಸಂಜೆ ಟೆರೇಸ್ ಮ್ಯಾಲೆ ಸೀರೆ ಎತ್ತಿ ಕಟ್ಟಿ ಕೂರೋಳು. ಮೊದ್ಲು ಕೈಗೆ ದುಪ್ಪಡಿ ಸುತ್ಕೊಂಡು ಹಿಡೀತಿದ್ಲು. ಆಮೇಲೆ ಗ್ಲೌಸ್ ತರ್ಸಿದ್ಲು. ಈಗ ಯಾರಿಗೆ ಎಸೀಲಿ? ಗ್ರೌಂಡಿನಾಗೆ ನಿಂತ್ರೆ ಎದುರಿಗೆ ಅಮ್ಮ ಇಲ್ಲ ಅನ್ಸುತ್ತೆ. ಇಲ್ಲಿ ಬಂದ್ರೆ..." ಅವಳು ದಿಬ್ಬದ ಕಡೆ ನೋಡಿದಳು. "ಅಜ್ಜಾ, ಆವತ್ತು ಅಮ್ಮನ್ನ ಯಾವ ಕಡೆ ಮುಖ ಮಾಡಿ ಕೂಡ್ಸಿದ್ರಿ? ನಾನು ಕಣ್ಣು ಮುಚ್ಕೊಂಡಿದ್ದೆ. ಯಾರನ್ನೂ ಕೇಳಾಕೆ ಆಗ್ಲಿಲ್ಲ."

ಉಚ್ಚೆಂಗಪ್ಪ ಎದ್ದು ನಿಂತರು. ಗೂಡು ಕೊರೆದವರು ಅವರು. ಅದರಲ್ಲಿ ಮೊದಲು ಕೂತವರೂ ಅವರೇ. ಕಣ್ಣು ತೆರೆದಾಗ ಎದುರಿಗಿದ್ದ ದಿಕ್ಕು ಅವರಿಗೆ ಮರೆಯುವಂತಿಲ್ಲ. ಕೈ ಚಾಚಿ ಉತ್ತರಕ್ಕೆ, ಗೋಡೆಯ ಕಡೆಗೆ ತೋರಿಸಿದರು.

"ಗ್ರೌಂಡ್ ಕಡೀಗೆ, ಯವ್ವಾ. ನೀನು ತಪ್ಪು ಕಡೆ ನಿಂತು ಒಗೀತಿದ್ದಿ. ಇಲ್ಲಿಂದ ಒಗದ್ರೆ ನಿಮ್ಮವ್ವನ ಬೆನ್ನಿಗೆ ಬೀಳ್ತೈತೆ."

ಆಶಾರಾಣಿ ದಿಬ್ಬ ನೋಡಿದಳು, ಗೋಡೆ ನೋಡಿದಳು. ಗೋಡೆಯಾಚೆ ಕ್ಯಾಚರ್ ಕೂರುವ ಜಾಗ. ಅದರಾಚೆ ನೇರಕ್ಕೆ, ಪಿಚರ್ ನಿಲ್ಲುವ ಸುಣ್ಣದ ವೃತ್ತ. ಕ್ಯಾಚರ್ ಯಾವ ಕಡೆ ಮುಖ ಮಾಡಿ ಕೂರುತ್ತಾಳೋ ಅದೇ ಕಡೆ ಮುಖ ಮಾಡಿ, ಅವಳ ಬೆನ್ನ ಹಿಂದೆ, ಮಣ್ಣಿನೊಳಗೆ ಅಮ್ಮ ಕೂತಿದ್ದಾಳೆ. ಹುಡುಗಿ ಕಟ್ಟೆಯ ಹಿಂದಿನಿಂದ ಚೀಲ ತೆಗೆದು ಬೂಟು ಹಾಕಿಕೊಂಡಳು. ಬಂದ ಬಿರುಕಿನಿಂದ ಹೋಗದೆ, ದೊಡ್ಡ ಗೇಟಿನಿಂದಲೇ ಹೊರಗೆ ನಡೆದಳು.

ಫೈನಲ್ ಹರಿಹರದ ತಂಡದ ಮೇಲೆ. ಮೀನಾಕ್ಷಿ ಮೇಡಂ ಹುಡುಗಿಯನ್ನು ಬೈಯಲಿಲ್ಲವಂತೆ, ಅಪ್ಪಿಕೊಳ್ಳಲೂ ಇಲ್ಲವಂತೆ. ಸಾರಥಿಯ ಹುಡುಗಿ ತಾನು ತೊಟ್ಟಿದ್ದ ಜರ್ಸಿಯನ್ನು ಬಿಚ್ಚಿ ಕೊಟ್ಟಳು, ಅಷ್ಟೇ. ಮೇಡಂ ಕರಿಬಸವರಾಜರಿಗೆ ಮಾತ್ರ ಫೋನು ಮಾಡಿದರು. ಅವರು ಬಂದರು, ಆದರೆ ಮೈದಾನಕ್ಕೆ ಹೋಗಲಿಲ್ಲ. ರುದ್ರಭೂಮಿಯ ಗೇಟಿನಲ್ಲಿ ಕಾರು ನಿಲ್ಲಿಸಿ, ಚಪ್ಪಲಿ ಬಿಟ್ಟು, ಗೋಡೆ ಮುರಿದ ಜಾಗಕ್ಕೆ ಬಂದು ಉಚ್ಚೆಂಗಪ್ಪನ ಪಕ್ಕ ನಿಂತರು.

"ಎರಡು ತಿಂಗ್ಳು ಇಲ್ಲೇ ಇದ್ಲೇನಪ್ಪಾ?"

"ನಂಗೂ ಇವತ್ತೇ ಗೊತ್ತಾಗಿದ್ದು, ಸಾವ್ಕಾರ್ರೆ."

"ಡಬ್ಬಿ ಖಾಲಿ ಮಾಡ್ಕೊಂಡು ಬರ್ತಿದ್ಲು. ಊಟ ಮಾಡ್ತಾಳಲ್ಲ, ಸರಿ ಹೋದ್ಲು ಅನ್ಕೊಂಡೆ."

ಆಶಾರಾಣಿ ಮೊದಮೊದಲು ಎಡವಿದಳು. ಎರಡು ತಿಂಗಳು ಮಣ್ಣ ಹೆಂಟೆ ಎಸೆದ ಕೈಗೆ ಚೆಂಡಿನ ತೂಕ ಹೊಂದಲು ಹೊತ್ತು ಹಿಡಿಯಿತು. ಹರಿಹರದವರು ಮುಂದಾದರು. ಆಮೇಲೆ ಅವಳು ಕ್ಯಾಚರಿನ ಕೈಗವಸನ್ನೂ ಮೀರಿ ಆಚೆಗೆ, ಗೋಡೆಗೆ ದೃಷ್ಟಿ ನೆಟ್ಟು ಎಸೆಯತೊಡಗಿದಳು. ಬ್ಯಾಟು ಹಿಡಿದವರು ಒಬ್ಬೊಬ್ಬರೇ ಗಾಳಿಗೆ ಬೀಸಿ ಹೋದರು. ಕಾಲೇಜಿನ ತಂಡ ಹೇಗೋ ಒಂದು ರನ್ ಮುಂದೆ ಬಂತು. ಕೊನೆಯ ಇನ್ನಿಂಗ್ಸ್, ಕೊನೆಯ ಆಟಗಾರ್ತಿ. ಹರಿಹರದ ಎತ್ತರದ ಹುಡುಗಿ. ಆಗಲೇ ಎರಡು ಸಲ ಬೀಸಿ ತಪ್ಪಿದ್ದಾಳೆ, ಇನ್ನೊಮ್ಮೆ ತಪ್ಪಿದರೆ ಔಟ್. ಮೂರನೆಯ ಬೇಸಿನಲ್ಲಿ ಅವರ ಇನ್ನೊಬ್ಬಳು ಓಡಲು ಕಾದಿದ್ದಾಳೆ.

ಟಣ್. ಚೆಂಡು ಅಂಚಿಗೆ ತಾಗಿ ಹಿಂದಕ್ಕೆ ಚಿಮ್ಮಿ, ಬಲೆ ದಾಟಿ, ಗೋಡೆ ದಾಟಿ, ಉಚ್ಚೆಂಗಪ್ಪ ಮತ್ತು ಕರಿಬಸವರಾಜ ನಿಂತ ಜಾಗವನ್ನೂ ದಾಟಿ ಹಳೆಯ ಮೂಲೆಯಲ್ಲಿ ಬಿತ್ತು. ಧಪ್.

"ಅಜ್ಜಾ, ಬಾಲ್!"

"ತರ್ತೀನಿ ತಡೀರವ್ವಾ," ಎಂದು ಉಚ್ಚೆಂಗಪ್ಪ ತಿರುಗಿದರು. ಮುನಾಫ್ ಇನ್ನೊಂದು ಚೆಂಡಿಗಾಗಿ ಸೊಂಟದ ಚೀಲಕ್ಕೆ ಕೈ ಹಾಕಿದ್ದರು. ಉಚ್ಚೆಂಗಪ್ಪ ಇನ್ನೂ ಒಂದು ಹೆಜ್ಜೆಯನ್ನೂ ಕಿತ್ತಿಟ್ಟಿರಲಿಲ್ಲ.

ಹಳೆಯ ಮೂಲೆಯಿಂದ ಚೆಂಡು ಬಂತು. ನೆಲದ ಹತ್ತಿರದಿಂದ ಹೊರಟು, ಏಳುತ್ತಲೇ, ಇಬ್ಬರು ಗಂಡಸರ ನಡುವೆ ಗುಂಯ್ಯೆಂದು ಸಾಗಿ, ಗೋಡೆಯ ಮುರಿದ ಭಾಗದಿಂದ ಹೊರಬಿದ್ದು, ಕ್ಯಾಚರಿನ ತಲೆಯ ಮೇಲಿಂದ ಹಾದು, ನೇರವಾಗಿ ಆಶಾರಾಣಿಯ ಗ್ಲೌಸಿಗೆ ಬಂದು ಕೂತಿತು. ಅವಳು ಕೈ ಅಲ್ಲಾಡಿಸಬೇಕಾಗಲಿಲ್ಲ.

ಗೋಡೆಯ ಮುರುಕಿನಲ್ಲಿ ನಿಂತ ಅಜ್ಜನನ್ನು ಮೈದಾನದವರೆಲ್ಲ ನೋಡುತ್ತಿದ್ದಾರೆ. ಅವರ ಎರಡೂ ಕೈ ಖಾಲಿ, ಬೆನ್ನು ಮೈದಾನಕ್ಕೆ. ಮೀನಾಕ್ಷಿ ಮೇಡಂ ಕೂತಲ್ಲಿಂದ ಎದ್ದು ನಿಂತಿದ್ದಾರೆ. ಮೂಲೆಯಲ್ಲಿ ಜಾಲಿಯ ಒಂದು ಎಲೆಯೂ ಅಲ್ಲಾಡುತ್ತಿಲ್ಲ.

ಕರಿಬಸವರಾಜ ಗೋಡೆಯ ಇಟ್ಟಿಗೆಯನ್ನು ಗಟ್ಟಿಯಾಗಿ ಹಿಡಿದಿದ್ದರು. "ಅಲ್ಲಿ ಯಾರದಾರಪ್ಪಾ?"

"ಯಾರಿಲ್ರಿ."

ಕರಿಬಸವರಾಜ ಪಿಸುದನಿಯಲ್ಲಿ ಹೇಳಿದರು: "ಟೆರೇಸ್ ಮ್ಯಾಲೆ ಆಕಿ ಹಿಂಗೇ ವಾಪಸ್ ಎಸೀತಿದ್ಲು. ಮಗಳ ಹತ್ರ ಕಲ್ತಿದ್ಲು."

ಆಶಾರಾಣಿ ಗ್ಲೌಸಿನೊಳಗಿನ ಚೆಂಡನ್ನು ಒಮ್ಮೆ ನೋಡಿದಳು. ಹೆದರಿದಂತೆ ಕಾಣಲಿಲ್ಲ. ಮನೆಯಲ್ಲಿ ಯಾರೋ ಊಟಕ್ಕೆ ಕರೆದರೆ ಓಗೊಡುವ ಹಾಗೆ ತಲೆಯಾಡಿಸಿದಳು ಅಷ್ಟೇ. ಮುನಾಫ್ ಚೀಲದಿಂದ ಕೈ ತೆಗೆದು, ಆಟ ಮುಂದುವರಿಸಲು ಹೇಳಿದರು. ತೋಳು ಒಂದು ಸುತ್ತು ಬಂತು. ಹರಿಹರದ ಹುಡುಗಿ ಬೀಸಿದ ಬ್ಯಾಟಿಗೆ ಏನೂ ತಾಗಲಿಲ್ಲ. ಚೆಂಡು ಕ್ಯಾಚರಿನ ಕೈಯಲ್ಲಿ ಫಟ್ಟೆಂದಿತು.

ಗೆದ್ದವರು ಕೂಗಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಕೂಗಿದರು, ಕುಣಿದರು, ಅತ್ತರು. ಸೋತವರು ಬೇಗ ಬೇಗ ಬಸ್ಸು ಹತ್ತಿದರು.

ಆ ಸಂಜೆ ಕಾಲೇಜಿನ ಹುಡುಗಿಯರು ಮೊದಲ ಬಾರಿ ರಸ್ತೆ ಸುತ್ತಿ ರುದ್ರಭೂಮಿಯ ಗೇಟಿಗೆ ಬಂದರು. ಗುಂಪಾಗಿ, ಒಬ್ಬರ ಕೈ ಒಬ್ಬರು ಹಿಡಿದು. ಪೇಪರಿನಲ್ಲಿ ಕಟ್ಟಿದ ಮಂಡಕ್ಕಿ, ಮಿರ್ಚಿ ತಂದಿದ್ದರು. "ಅಜ್ಜಾ, ಹತ್ರ ಬಂದು ನೋಡಿದ್ರೆ ನೀವು ಇಷ್ಟು ಸಣ್ಣಕೆ ಅದೀರಲ್ಲ! ದನಿ ಕೇಳಿ ದೊಡ್ಡೋರು ಅನ್ಕೊಂಡಿದ್ವಿ," ಎಂದಳು ಕ್ಯಾಚರ್ ಹುಡುಗಿ. ಎಲ್ಲರೂ ಅವರ ಜೊತೆ ಗದ್ದುಗೆಯ ಕಟ್ಟೆಯ ಮೇಲೆ ಕೂತು ತಿಂದರು. ಇಷ್ಟು ವರ್ಷದಲ್ಲಿ ಅವರೊಂದಿಗೆ ಕೂತು ತಿಂದವರು ತಿಮ್ಮವ್ವ ಒಬ್ಬರೇ.

ಈಗ ಆಶಾರಾಣಿ ಕಾಲೇಜಿಗೆ ಹೋಗುತ್ತಾಳೆ. ಕರಿಬಸವರಾಜ ದಿಬ್ಬಕ್ಕೆ ಕಲ್ಲು ಕಟ್ಟಿಸಲು ಬಂದವರು, ಮಗಳ ಮಾತು ಕೇಳಿ ಮುಂದಕ್ಕೆ ಹಾಕಿದ್ದಾರೆ. ಆ ಚೆಂಡು ಎಸೆದವರು ಯಾರೆಂದು ಕೇಳಿದರೆ ಮೀನಾಕ್ಷಿ ಮೇಡಂ ಮಾತು ಬದಲಿಸುತ್ತಾರೆ. ಮುನಾಫ್, "ನಾನು ಬಾಲ್ ನೋಡ್ತೀನ್ರಿ, ಎಸೆದೋರ ಮುಖ ನೋಡಲ್ಲ," ಎನ್ನುತ್ತಾರೆ.

ಉಚ್ಚೆಂಗಪ್ಪ ಆವತ್ತು ಆ ಮೂಲೆಗೆ ಹೋಗಿ ಹೆಜ್ಜೆ ಗುರುತು ನೋಡಲಿಲ್ಲವೇ?

"ನೋಡಿಲ್ರಿ. ಯಾಕ ನೋಡ್ಬೇಕು? ಇದ್ರೂ ನಂಗೇನು, ಇಲ್ದಿದ್ರೂ ನಂಗೇನು? ಭಯ ಹೋತು ನೋಡ್ರಿ, ಅಷ್ಟು ಸಾಕು. ಮಾರನೆ ದಿನ ಕುಣಿಯಾಗ ಇಳಿದು, ಗೂಡಿನಾಗ ಕುಂತು, ಕಣ್ಣು ಮುಚ್ಚಿದೆ. ಬಾಳ ತಣ್ಣಗಿತ್ತು."

ಮಾತಿನ ನಡುವೆ ಫೋನು ಬರುತ್ತದೆ. ಎಲ್ಲೋ ಒಂದು ಮನೆಯಲ್ಲಿ ಯಾರೋ ಹೋಗಿದ್ದಾರೆ. "ಹೂಂ ರಿ, ಹೂಂ. ಬರ್ರಿ, ಅಷ್ಟೊತ್ತಿಗೆ ತಯಾರ್ ಇರ್ತೈತೆ." ಫೋನು ಜೇಬಿಗಿಟ್ಟು ಗುದ್ದಲಿಯ ಕಾವು ಬಿಗಿಯಾಗಿದೆಯೇ ನೋಡುತ್ತಾರೆ. ಹೊಸ ಕುಣಿಗಳನ್ನೆಲ್ಲ ಈಗ ಪೂರ್ವದ ಅಂಚಿನಲ್ಲಿ, ರಸ್ತೆಗೆ ಹತ್ತಿರ ತೋಡಬೇಕೆಂದು ಕಮಿಟಿಯವರು ಹೇಳಿದ್ದಾರೆ. ಮೈದಾನ ಅಲ್ಲಿಂದ ದೂರ. ನಿಮಗೇನಾದರೂ ಆಗಬೇಕಿದೆಯೇ ಎಂದು ಕೇಳಿದರೆ ಹೊರಟವರು ಒಂದು ಗಳಿಗೆ ನಿಲ್ಲುತ್ತಾರೆ.

"ನಂಗೇನೂ ಬ್ಯಾಡ್ರಿ. ಕಮಿಟಿಯೋರಿಗೆ ಒಂದ್ ಮಾತು ಹೇಳ್ರಿ, ನಾನು ಹೇಳಿದ್ರೆ ನಗ್ತಾರೆ. ಇನ್ಮ್ಯಾಲೆ ಬರೋರಿಗೆ ಆ ಗೋಡಿ ಪಕ್ಕಾನೇ ತೋಡಾಕೆ ಬಿಡ್ಲಿ. ಹಗಲೂ ರಾತ್ರಿ ಸುಮ್ನೆ ಕುಂತಿರ್ತಾರೆ, ಪಾಪ. ಎದುರಿಗೆ ಆಟ ನಡೀತಿದ್ರೆ ಹೊತ್ತು ಹೋಗ್ತೈತೆ."